ತಂತಿ ಸಂದೇಶದಿಂದ ಇಇಜಿವರೆಗೆ: ಹ್ಯಾನ್ಸ್ ಬರ್ಗರ್ ಟೆಲಿಪಥಿಯನ್ನು ಸಾಬೀತು ಮಾಡಿದ್ದರೇ?

ಊರಿನಲ್ಲಿರುವ ತಾಯಿಗೆ ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಎದೆ ಧಸಕ್ಕೆನ್ನುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡುತ್ತಾಳೆ. ಅವನು ಆಗಷ್ಟೇ ಬೈಕಿನಿಂದ ಬಿದ್ದು ಎದ್ದಿರುತ್ತಾನೆ. ಈ ಬಗೆಯ ಕಥೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಕೊನೆಯಲ್ಲಿ ಕೆಲವೊಮ್ಮೆ ವಿಜ್ಞಾನದ ಹೆಸರಿನಲ್ಲಿ ಒಂದು ಸಾಲು ಅಂಟಿಕೊಂಡಿರುತ್ತದೆ: ಒಬ್ಬರ ಮೆದುಳಿನ ಅಲೆ ಇನ್ನೊಬ್ಬರ ಮೆದುಳನ್ನು ತಲುಪುತ್ತದೆ, ಇಇಜಿ ಕಂಡುಹಿಡಿದ ವಿಜ್ಞಾನಿಯೇ ಇದನ್ನು ತೋರಿಸಿಕೊಟ್ಟಿದ್ದಾರೆ.

ಆ ವಿಜ್ಞಾನಿ ಹ್ಯಾನ್ಸ್ ಬರ್ಗರ್. ಕಟ್ಟುಕಥೆಯ ಪಾತ್ರವಲ್ಲ, ಜರ್ಮನಿಯ ಮನೋವೈದ್ಯರು. ಟೆಲಿಪಥಿಯನ್ನು ಅವರು ನಂಬಿದ್ದೂ ನಿಜ, ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದ್ದೂ ನಿಜ. ಆದರೆ ಎರಡನೆಯದು ಮೊದಲನೆಯದಕ್ಕೆ ಪುರಾವೆ ಅಲ್ಲ. ಇನ್ನು ಅವರನ್ನು ನಾಜಿಗಳ ಕಿರುಕುಳಕ್ಕೆ ಬಲಿಯಾದ ಮಹಾತ್ಮನೆಂದು ಹೇಳುವ ಇನ್ನೊಂದು ಕಥೆಯಂತೂ ಪೂರ್ತಿ ಬುಡಮೇಲು. ಹಾಗಾಗಿ ಅವರ ಬದುಕನ್ನು ಮೊದಲಿನಿಂದ ನೋಡೋಣ.

ಕುದುರೆಯಿಂದ ಬಿದ್ದ ಹುಡುಗ

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಜರ್ಮನಿಯ ಕೋಬುರ್ಗ್ ಪಟ್ಟಣದ ಹತ್ತಿರದ ನೊಯ್ಸೆಸ್ ಎಂಬಲ್ಲಿ. ತಂದೆ ವೈದ್ಯರು, ಮಾನಸಿಕ ರೋಗಿಗಳ ವಾರ್ಡಿನ ಮುಖ್ಯಸ್ಥರು. ತಾಯಿಯ ತಂದೆ ಫ್ರೀಡ್ರಿಖ್ ರ‍್ಯೂಕರ್ಟ್ ದೊಡ್ಡ ಕವಿ, ಪೂರ್ವದೇಶಗಳ ಭಾಷೆಗಳ ವಿದ್ವಾಂಸ. ನಮ್ಮ ನಳ ದಮಯಂತಿಯ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದವರು ಅವರೇ. ಮೊಮ್ಮಗನಿಗೆ ಮಾತ್ರ ಕಾವ್ಯಕ್ಕಿಂತ ನಕ್ಷತ್ರಗಳ ಮೇಲೆ ಆಸೆ. ಖಗೋಳ ವಿಜ್ಞಾನಿಯಾಗಬೇಕೆಂದು 1892ರಲ್ಲಿ ಬರ್ಲಿನ್‌ಗೆ ಓದಲು ಹೋದರು. ಅದು ಹಿಡಿಸಲಿಲ್ಲ. ಒಂದೇ ಸೆಮಿಸ್ಟರ್‌ಗೆ ಬಿಟ್ಟು ಒಂದು ವರ್ಷದ ಮಟ್ಟಿಗೆ ಸೈನ್ಯದ ಕುದುರೆಪಡೆ ಸೇರಿದರು.

ಅಲ್ಲಿ ನಡೆದ ಒಂದು ಘಟನೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ತರಬೇತಿಯ ಹೊತ್ತಿನಲ್ಲಿ ಅವರ ಕುದುರೆ ಮುಂಗಾಲೆತ್ತಿ ನಿಂತುಬಿಟ್ಟಿತು. ಬರ್ಗರ್ ಕೆಳಗೆ ಬಿದ್ದರು. ಬಿದ್ದದ್ದು ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿ ಗಾಡಿಯ ದಾರಿಗೇ. ಗಾಡಿ ಹೊಡೆಯುವವನು ಕಡೇ ಕ್ಷಣದಲ್ಲಿ ಲಗಾಮು ಎಳೆದದ್ದರಿಂದ ಜೀವ ಉಳಿಯಿತು. ಅದೇ ದಿನ ಸಂಜೆ ಮನೆಯಿಂದ ತಂತಿ ಬಂತು. ಹ್ಯಾನ್ಸ್‌ಗೆ ಏನೋ ಅಪಾಯವಾಗಿದೆ ಎಂದು ದೂರದ ಊರಿನಲ್ಲಿದ್ದ ಸಹೋದರಿಗೆ ಅನ್ನಿಸಿ, ಅವಳು ಹಠ ಹಿಡಿದಿದ್ದಕ್ಕೆ ತಂದೆ ವಿಚಾರಿಸಿದ್ದರು. ಅದಕ್ಕೆ ಮುಂಚೆ ಮನೆಯಿಂದ ಅವರಿಗೆ ಒಂದು ತಂತಿಯೂ ಬಂದಿರಲಿಲ್ಲ.

ತನ್ನ ಭಯವೇ ಸಂದೇಶವಾಗಿ ಸಹೋದರಿಯನ್ನು ಮುಟ್ಟಿತು ಎಂದು ಬರ್ಗರ್ ತೀರ್ಮಾನಿಸಿದರು. ಖಗೋಳಶಾಸ್ತ್ರ ಬಿಟ್ಟು ವೈದ್ಯಕೀಯ ಹಿಡಿದರು. ಮನಸ್ಸಿನಲ್ಲಿ ಆಗುವುದಕ್ಕೂ ಮೆದುಳಿನಲ್ಲಿ ಆಗುವುದಕ್ಕೂ ಏನು ಸಂಬಂಧ ಎಂಬುದನ್ನು ಅಳೆದು ನೋಡುವುದೇ ಮುಂದಿನ ಬದುಕಿನ ಕೆಲಸವಾಯಿತು.

ಆ ಸಂಜೆಯ ಬಗ್ಗೆ ನಾವು ಏನು ಹೇಳಬಹುದು? ಇದನ್ನು ಬರ್ಗರ್ ಅಚ್ಚಿನಲ್ಲಿ ಹೇಳಿದ್ದು 1940ರಲ್ಲಿ, ಘಟನೆ ನಡೆದು ನಾಲ್ಕೂವರೆ ದಶಕದ ಮೇಲೆ. ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡ ಕಥೆ ಅಂಚುಗಳಲ್ಲಿ ನುಣುಪಾಗಿರುವುದು ಸಹಜ. ಅದು ಅಕ್ಷರಶಃ ನಿಜ ಎಂದೇ ಇಟ್ಟುಕೊಳ್ಳೋಣ. ಸೈನ್ಯದಲ್ಲಿರುವ ತಮ್ಮ, ಅಣ್ಣ, ಮಗನ ಬಗ್ಗೆ ಮನೆಯವರಿಗೆ ಎಷ್ಟು ಸಲ ಆತಂಕವಾಗುತ್ತದೆ? ದಿನಕ್ಕೊಂದು ಸಲ ಎಂದರೂ ತಪ್ಪಿಲ್ಲ. ಏನೂ ಆಗದ ದಿನಗಳ ಆತಂಕವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಲಕ್ಷಾಂತರ ಮನೆಗಳಲ್ಲಿ ದಿನಾ ನಡೆಯುವ ಈ ಆತಂಕ ಎಲ್ಲೋ ಒಂದು ಕಡೆ ನಿಜವಾದ ಅಪಘಾತದ ದಿನದ ಮೇಲೇ ಬಿದ್ದರೆ, ಆ ಒಂದು ಕಥೆ ಮಾತ್ರ ಉಳಿಯುತ್ತದೆ. 20ರ ಆಸುಪಾಸಿನ ಹುಡುಗ ಸಾವಿನ ಬಾಯಿಂದ ಬಂದ ದಿನವೇ ಈ ಲೆಕ್ಕ ಹಾಕಬೇಕಿತ್ತು ಎಂದು ನಾವು ಕೇಳುವುದಿಲ್ಲ. ಫಾರ್ವರ್ಡ್ ಮಾಡುವ ನಮಗೆ ಆ ರಿಯಾಯಿತಿ ಇಲ್ಲ.

20 ವರ್ಷಗಳ ಸೋಲು

ಬರ್ಗರ್ 1897ರಲ್ಲಿ ಯೇನಾ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದು, ಅಲ್ಲಿಯ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಒಟ್ಟೊ ಬಿನ್ಸ್‌ವಾಂಗರ್ ಕೈಕೆಳಗೆ ಕೆಲಸಕ್ಕೆ ಸೇರಿದರು. ಆಮೇಲೆ ಯೇನಾ ಬಿಟ್ಟದ್ದು ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಹೋದಾಗ ಮಾತ್ರ ಎನ್ನಬಹುದು. 1919ರಲ್ಲಿ ಅದೇ ಆಸ್ಪತ್ರೆಯ ನಿರ್ದೇಶಕರಾದರು, 1927ರಲ್ಲಿ ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ನಮ್ಮ ಕಡೆಯ ಕುಲಪತಿಯಂಥ ಹುದ್ದೆಗೂ ಏರಿದರು. ಸಮಯಕ್ಕೆ ಸರಿಯಾಗಿ ಬರುವ, ಸಮಯಕ್ಕೆ ಸರಿಯಾಗಿ ಹೋಗುವ, ನಗು ಕಡಿಮೆ ಇರುವ ಕಟ್ಟುನಿಟ್ಟಿನ ಮನುಷ್ಯ ಎಂದು ಜತೆಗೆ ಕೆಲಸ ಮಾಡಿದವರು ನೆನಪಿಸಿಕೊಂಡಿದ್ದಾರೆ. ಆಸ್ಪತ್ರೆಯ ಕೆಲಸ ಮುಗಿಸಿ ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಈತ ಏನು ಮಾಡುತ್ತಿದ್ದಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಅವರು ಮನಸ್ಸಿನ ಶಕ್ತಿಯನ್ನು ಹುಡುಕುತ್ತಿದ್ದರು. ಲೆಕ್ಕ ಹೀಗೆ: ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ. ಮೆದುಳಿಗೆ ರಕ್ತದ ಮೂಲಕ ಬರುವ ಶಕ್ತಿಯಲ್ಲಿ ಸ್ವಲ್ಪ ಶಾಖವಾಗುತ್ತದೆ, ಸ್ವಲ್ಪ ವಿದ್ಯುತ್ತಾಗುತ್ತದೆ. ಉಳಿದದ್ದೇ ಮನಸ್ಸಿನ ಶಕ್ತಿಯಾಗಿರಬೇಕು. ಹಾಗಾದರೆ ಮೊದಲಿನವುಗಳನ್ನು ಅಳೆದರೆ ಸಾಕಲ್ಲ! ಗಾಯದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ತಲೆಬುರುಡೆಯಲ್ಲಿ ತೂತು ಉಳಿದಿದ್ದ ರೋಗಿಗಳಲ್ಲಿ ಮೆದುಳಿನ ರಕ್ತದ ಬಡಿತವನ್ನು ಅಳೆದರು. ಆಮೇಲೆ ಮೆದುಳಿನ ಉಷ್ಣತೆಯನ್ನು ಅಳೆದರು, 1910ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಎರಡರಲ್ಲೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ.

ಉಳಿದದ್ದು ವಿದ್ಯುತ್ತು. ಪ್ರಾಣಿಗಳ ಮೆದುಳಿನಲ್ಲಿ ವಿದ್ಯುತ್ ಏರಿಳಿತ ಇರುವುದನ್ನು ಲಿವರ್‌ಪೂಲ್‌ನ ವೈದ್ಯ ರಿಚರ್ಡ್ ಕೇಟನ್ 1875ರಲ್ಲೇ ಮೊಲ ಮತ್ತು ಕೋತಿಗಳಲ್ಲಿ ಕಂಡಿದ್ದರು. ಮೆದುಳಿನ ವಿದ್ಯುತ್ತನ್ನೇ ಕಂಡುಹಿಡಿದವರು ಬರ್ಗರ್ ಎಂಬ ಮಾತು ಅದಕ್ಕೇ ಪೂರ್ತಿ ಸರಿಯಲ್ಲ. ಮನುಷ್ಯನಲ್ಲಿ, ತಲೆಯ ಹೊರಗಿನಿಂದ ಅದನ್ನು ಹಿಡಿಯಬಹುದು ಎಂದು ತೋರಿಸಿದ್ದು ಅವರು.

1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದ 17 ವರ್ಷದ ಹುಡುಗನ ತಲೆಯಿಂದ ಮೊದಲ ಸಲ ಒಂದು ನಡುಗುವ ಗೆರೆ ಅವರಿಗೆ ಕಂಡಿತು. ಆಗ ಇದ್ದ ಉಪಕರಣ ಹೃದಯದ ಇಸಿಜಿಗಾಗಿ ಮಾಡಿದ್ದು. ಹೃದಯದ ಸಂಕೇತವೇ ದುರ್ಬಲ, ನೆತ್ತಿಯ ಮೇಲೆ ಸಿಗುವ ಮೆದುಳಿನ ಸಂಕೇತ ಅದಕ್ಕಿಂತಲೂ ಎಷ್ಟೋ ಪಾಲು ದುರ್ಬಲ. ನಿಮ್ಮ ಟಿವಿ ರಿಮೋಟಿಗೆ ಹಾಕುವ 1.5 ವೋಲ್ಟ್ ಸೆಲ್ ಇದೆಯಲ್ಲ, ಅದರ ಸುಮಾರು 30,000ದಲ್ಲಿ ಒಂದು ಪಾಲು. ಇದನ್ನು ಮೆದುಳಿನದೇ ಎಂದು ನಂಬುವುದು ಹೇಗೆ? ನಾಡಿ ಬಡಿದರೂ ಗೆರೆ ನಡುಗಬಹುದು, ಉಸಿರಾಡಿದರೂ ನಡುಗಬಹುದು. ಹಣೆ ಗಂಟಿಕ್ಕಿದರೆ, ರೆಪ್ಪೆ ಬಡಿದರೆ, ಬೆವರಿದರೆ ಕೂಡ.

ನಮ್ಮ ದೃಷ್ಟಿಯಲ್ಲಿ ಬರ್ಗರ್ ನಿಜವಾದ ವಿಜ್ಞಾನಿಯಾಗಿ ಕಾಣುವುದು ಇಲ್ಲಿ. ಐದು ವರ್ಷ ಅವರು ಬಾಯಿ ಬಿಡಲಿಲ್ಲ. ಈ ಒಂದೊಂದು ಅನುಮಾನವನ್ನೂ ಹಿಡಿದು ಪರೀಕ್ಷಿಸಿದರು. ಇಸಿಜಿಯನ್ನೂ ಜತೆಯಲ್ಲೇ ದಾಖಲಿಸಿ ಹೋಲಿಸಿದರು. ರೋಗಿಗಳು ಸಾಲದೆ ಹದಿಹರೆಯದ ಮಗ ಕ್ಲೌಸ್‌ನನ್ನು ಕೂರಿಸಿ ಹತ್ತಾರು ದಾಖಲೆ ತೆಗೆದರು. ನೆತ್ತಿಯ ಚರ್ಮದ ಕೆಳಗೆ ಸೂಜಿ ಚುಚ್ಚಿ ನೋಡಿದರು, ಬೆಳ್ಳಿಯ ತೆಳುಹಾಳೆ ಕಟ್ಟಿ ನೋಡಿದರು. 1929ರಲ್ಲಿ ಮೊದಲ ಪ್ರಬಂಧ ಬಂತು. ಆಮೇಲೆ 1938ರವರೆಗೆ ಅದೇ ತಲೆಬರಹದಲ್ಲಿ ಒಟ್ಟು 14 ವರದಿ ಪ್ರಕಟಿಸಿದರು.

ಕಣ್ಣು ಬಿಟ್ಟರೆ ಮಾಯವಾಗುವ ಅಲೆ

ಆ ಗೆರೆಗಳಲ್ಲಿ ಎದ್ದು ಕಂಡದ್ದು ಒಂದು ಅಲೆ. ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ಇದಕ್ಕೆ ಬರ್ಗರ್ ಆಲ್ಫಾ ಎಂದು ಹೆಸರಿಟ್ಟರು. ಅದಕ್ಕಿಂತ ಚಿಕ್ಕ, ವೇಗದ ಅಲೆಗೆ ಬೀಟಾ ಎಂದರು. ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದರೆ ಆಲ್ಫಾ ಚೆನ್ನಾಗಿ ಕಾಣುತ್ತದೆ. ಕಣ್ಣು ಬಿಟ್ಟ ತಕ್ಷಣ ಮಾಯ. ಇನ್ನೂ ವಿಚಿತ್ರವೆಂದರೆ, ಕಣ್ಣು ಮುಚ್ಚಿದ್ದಾಗಲೂ ಬಾಯಿಲೆಕ್ಕ ಕೊಟ್ಟರೆ ಅಥವಾ ಮೈಯನ್ನು ಮುಟ್ಟಿದರೆ ಅಲೆ ತಗ್ಗುತ್ತಿತ್ತು. ಅಂದರೆ ಇದು ಬರೀ ಬೆಳಕಿನ ವಿಷಯವಲ್ಲ, ಗಮನದ ವಿಷಯ. ಗಮನ ಎಂಬ ಕಣ್ಣಿಗೆ ಕಾಣದ ಸಂಗತಿಯನ್ನು ಕಾಗದದ ಮೇಲೆ ಗೆರೆಯಾಗಿ ನೋಡಲು ಸಾಧ್ಯವಾದದ್ದು ಹೀಗೆ.

ಯಾಕೆ ಹೀಗಾಗುತ್ತದೆ? ಭಜನೆ ಮನೆಯನ್ನು ನೆನಪಿಸಿಕೊಳ್ಳಿ. ಎಲ್ಲರೂ ಒಂದೇ ತಾಳ ಹಾಕುತ್ತಿದ್ದರೆ ಬೀದಿಯಲ್ಲಿ ಹೋಗುವವರಿಗೂ ತಾಳ ಸ್ಪಷ್ಟವಾಗಿ ಕೇಳುತ್ತದೆ. ಭಜನೆ ಮುಗಿದು ಪ್ರಸಾದ ಹಂಚುವಾಗ ಒಬ್ಬೊಬ್ಬರೂ ಒಂದೊಂದು ಕೆಲಸದಲ್ಲಿರುತ್ತಾರೆ. ಒಳಗೆ ಚಟುವಟಿಕೆ ಹೆಚ್ಚೇ, ಆದರೆ ಹೊರಗೆ ತಾಳ ಕೇಳುವುದಿಲ್ಲ. ತಲೆಯ ಹಿಂಭಾಗದಲ್ಲಿ ನೋಟವನ್ನು ನಿಭಾಯಿಸುವ ನರಕೋಶಗಳದ್ದೂ ಇದೇ ಕಥೆ. ಬಿಡುವಾಗಿದ್ದಾಗ ಒಟ್ಟಿಗೆ ಏರಿಳಿಯುತ್ತವೆ, ನೋಡಲು ತೊಡಗಿದರೆ ತಮ್ಮ ತಮ್ಮ ಕೆಲಸಕ್ಕೆ ಚದುರುತ್ತವೆ.

ಈಚೆಗೆ ಈ ಚಿತ್ರ ಇನ್ನಷ್ಟು ಸೂಕ್ಷ್ಮವಾಗಿದೆ. ನೋಟ ಎದುರಿಗಿಟ್ಟು, ಕಣ್ಣು ಕದಲಿಸದೆ, ಗಮನವನ್ನು ಮಾತ್ರ ಎಡಕ್ಕೆ ಹರಿಸಿದರೆ ಎಡಭಾಗದ ನೋಟವನ್ನು ನೋಡಿಕೊಳ್ಳುವ ಬಲ ಮೆದುಳಿನಲ್ಲಿ ಆಲ್ಫಾ ತಗ್ಗುತ್ತದೆ, ಇನ್ನೊಂದು ಕಡೆಯಲ್ಲಿ ಹೋಲಿಕೆಗೆ ಹೆಚ್ಚಾಗಿರುತ್ತದೆ. ಬೇಡದ ಕಡೆಯ ಬಾಗಿಲನ್ನು ಮೆದುಳು ಓರೆ ಮಾಡುತ್ತಿದೆ ಎಂದು ಇದನ್ನು ಅನೇಕ ಸಂಶೋಧಕರು ಅರ್ಥ ಮಾಡಿಕೊಳ್ಳುತ್ತಾರೆ.

ಆಲ್ಫಾ ಅಲೆ ಹೆಚ್ಚಿಸಿ ಮಕ್ಕಳ ಬುದ್ಧಿ ಚುರುಕು ಮಾಡುತ್ತೇವೆ ಎನ್ನುವ ಸಂಗೀತ, ಹೆಡ್‌ಸೆಟ್, ಬೇಸಿಗೆ ಶಿಬಿರಗಳ ಜಾಹೀರಾತು ನೋಡಿದಾಗ ಬರ್ಗರ್ ಕಂಡದ್ದನ್ನು ನೆನಪು ಮಾಡಿಕೊಳ್ಳಿ. ಹೆಚ್ಚಿನವರಲ್ಲಿ ಆಲ್ಫಾ ಹೆಚ್ಚಾಗಲು ಕಣ್ಣು ಮುಚ್ಚಿದರೆ ಸಾಕು. ಪರದೆಯ ಮೇಲೆ ಅಲೆ ಏರಿತು ಎಂದು ತೋರಿಸಿದವರು ನಿಮ್ಮ ಮಗು ಕಣ್ಣು ಮುಚ್ಚಿದೆ ಎಂಬುದಕ್ಕಿಂತ ಹೆಚ್ಚೇನನ್ನೂ ತೋರಿಸಿಲ್ಲದಿರಬಹುದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ ಮಕ್ಕಳ ವಿಡಿಯೊ ಬಂದರೆ ಮೆದುಳಿನ ಅಲೆ ಬಿಟ್ಟು ಮೊದಲು ಮೂಗಿನ ಪಕ್ಕದ ಸಂದಿ ನೋಡಿ.

ಪ್ರಬಂಧ ಬಂದಾಗ ಜರ್ಮನಿಯಲ್ಲಿ ಯಾರೂ ದೊಡ್ಡದಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರಿಸ್ಥಿತಿ ಬದಲಾದದ್ದು 1934ರಲ್ಲಿ. ಎರಡು ವರ್ಷ ಮೊದಲಷ್ಟೇ ನೊಬೆಲ್ ಪಡೆದಿದ್ದ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್, ಸಹೋದ್ಯೋಗಿ ಮ್ಯಾಥ್ಯೂಸ್ ಜತೆಗೂಡಿ ಬೇರೆ ಉಪಕರಣಗಳಲ್ಲಿ ಅದೇ ಅಲೆಯನ್ನು ಕಂಡರು. ಅದನ್ನು ಬರ್ಗರ್ ಲಯ ಎಂದೇ ಕರೆದರು. ತಮಾಷೆಯೆಂದರೆ, ನೀರಿನಲ್ಲಿ ಬದುಕುವ ಒಂದು ಜೀರುಂಡೆಯಲ್ಲೂ ಅವರಿಗೆ ಅಂಥದೇ ಲಯ ಸಿಕ್ಕಿತು, ಬೆಳಕು ಬಿದ್ದರೆ ಅದೂ ಕೆಡುತ್ತಿತ್ತು. ಮನಸ್ಸಿನ ಶಕ್ತಿಯ ಗುರುತು ಹುಡುಕುತ್ತಿದ್ದವರಿಗೆ ಇದು ಅಷ್ಟೇನೂ ಹಿತವಾದ ಸುದ್ದಿಯಾಗಿರಲಾರದು.

ಹಾಗಾದರೆ ಟೆಲಿಪಥಿ?

ಬರ್ಗರ್ ಕೊನೆಯವರೆಗೂ ಟೆಲಿಪಥಿಯನ್ನು ನಂಬಿದ್ದರು. 1940ರಲ್ಲಿ ಅದರ ಬಗ್ಗೆ ಪುಟ್ಟ ಪುಸ್ತಕವನ್ನೇ ತಂದರು, ತಂತಿಯ ಕಥೆ ಬರುವುದು ಅದರಲ್ಲೇ. ಆದರೆ ಇಇಜಿಯಲ್ಲಿ ಕಾಣುವ ವಿದ್ಯುತ್ತೇ ಊರಿಂದ ಊರಿಗೆ ಹೋಗುತ್ತದೆ ಎಂದು ಅವರು ವಾದಿಸಲಿಲ್ಲ. ಅದಕ್ಕೆ ಮನಸ್ಸಿನ ಶಕ್ತಿ ಎಂಬ ಬೇರೆಯದೊಂದನ್ನು ಊಹಿಸಿಕೊಂಡರು. ಅದನ್ನು ಇವತ್ತಿನವರೆಗೆ ಯಾರೂ ಅಳೆದಿಲ್ಲ.

ಇಇಜಿಯ ಅಲೆ ಹೋಗಲಾರದು ಎಂಬುದಕ್ಕೆ ಕಾರಣ ಸರಳ. ನೆತ್ತಿಗೆ ತಂತಿ ಅಂಟಿಸಿ, ಬಹಳ ಪಟ್ಟು ಹಿಗ್ಗಿಸಿದ ಮೇಲೆ ಕಾಣುವ ಸಂಕೇತ ಅದು. ಮೆದುಳಿನ ಚಟುವಟಿಕೆಯಿಂದ ತಲೆಯ ಹೊರಗೆ ಉಂಟಾಗುವ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ಕ್ಷೀಣ. ನೂರಾರು ಕಿಲೋಮೀಟರ್ ಇರಲಿ, ಪಕ್ಕದ ಕುರ್ಚಿಯವರೆಗೂ ಅದು ಸುದ್ದಿ ಒಯ್ಯಲಾರದು.

ಪ್ರಯತ್ನ ನಡೆಯಲಿಲ್ಲ ಎಂದೇನಲ್ಲ. 1965ರಲ್ಲಿ ಅಮೆರಿಕದ ಇಬ್ಬರು ವೈದ್ಯರು ತದ್ರೂಪಿ ಅವಳಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರಲ್ಲಿ ಆಲ್ಫಾ ಬರುತ್ತದೆಯೇ ಎಂದು ನೋಡಿದರು. 15 ಜೋಡಿಗಳಲ್ಲಿ 2 ಜೋಡಿಯಲ್ಲಿ ಬಂತು ಎಂದು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಆಕಸ್ಮಿಕದ ಸಾಧ್ಯತೆಯನ್ನು ಲೆಕ್ಕ ಹಾಕಿ ತೋರಿಸಿಲ್ಲ ಎಂದು ಉಳಿದ ವಿಜ್ಞಾನಿಗಳು ತರಾಟೆಗೆ ತೆಗೆದುಕೊಂಡರು. ಕಣ್ಣು ಮುಚ್ಚಿದವರಲ್ಲಿ ಆಗಾಗ ತಾನಾಗಿಯೇ ಬಂದುಹೋಗುವ ಅಲೆ ಅದು ಎಂಬುದನ್ನು ಮರೆಯಬಾರದು.

ಇನ್ನೊಂದು ಬಗೆಯ ಸುದ್ದಿಯನ್ನೂ ನೀವು ನೋಡಿರಬಹುದು: ಮಾತಾಡುವಾಗ ಇಬ್ಬರ ಮೆದುಳಿನ ಅಲೆಗಳು ಹೊಂದಿಕೊಳ್ಳುತ್ತವೆ ಎಂದು. ಇದು ಸುಳ್ಳಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕ್‌ನ 12 ಪ್ರೌಢಶಾಲಾ ವಿದ್ಯಾರ್ಥಿಗಳು ತರಗತಿಯಲ್ಲೇ ಇಇಜಿ ಹಾಕಿಕೊಂಡು ಪಾಠ ಕೇಳಿದರು. ಪಾಠ ಹಿಡಿಸಿದಷ್ಟೂ ಅವರ ಅಲೆಗಳಲ್ಲಿ ಹೋಲಿಕೆ ಹೆಚ್ಚಿತ್ತು. ತರಗತಿಗೆ ಮುಂಚೆ ಮುಖಕ್ಕೆ ಮುಖ ಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ ಜೋಡಿಗಳಲ್ಲಿ ಇನ್ನೂ ಹೆಚ್ಚು. ಇಲ್ಲಿ ಒಂದು ತಲೆಯಿಂದ ಇನ್ನೊಂದಕ್ಕೆ ಏನೋ ಹಾರಿತೆಂದಲ್ಲ. ಅದೇ ದನಿ, ಅದೇ ಬೋರ್ಡು, ಅದರ ಮೇಲೆ ಇಬ್ಬರದೂ ಗಮನ. ಒಂದೇ ಮಳೆಗೆ ಎರಡು ಛಾವಣಿ ಒಟ್ಟಿಗೆ ಸದ್ದು ಮಾಡಿದ ಹಾಗೆ. ಸಂಬಂಧ ನಮ್ಮ ಗಮನವನ್ನು ತಿದ್ದುತ್ತದೆ ಎಂಬುದೇ ಸಾಕಷ್ಟು ದೊಡ್ಡ ವಿಷಯ, ಅದಕ್ಕೆ ಟೆಲಿಪಥಿಯ ಒಗ್ಗರಣೆ ಬೇಕಿಲ್ಲ.

ಮೆದುಳಿನ ಗೆರೆ ಓದಿ ಮನಸ್ಸಿನಲ್ಲಿ ಇರುವುದನ್ನು ಹೇಳಬಹುದು ಎಂಬ ನಂಬಿಕೆ ನಮ್ಮ ಪೊಲೀಸ್ ಠಾಣೆಗಳವರೆಗೂ ಬಂದಿತ್ತು. ಬ್ರೇನ್ ಮ್ಯಾಪಿಂಗ್ ಎಂದು ಪೇಪರಿನಲ್ಲಿ ಓದುತ್ತಿದ್ದೆವಲ್ಲ, ಅದರ ಆಧಾರ ಇಇಜಿಯೇ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಸಂತನೂ ಅಲ್ಲ, ಹುತಾತ್ಮನೂ ಅಲ್ಲ

ಬಹಳ ಕಾಲ ಪುಸ್ತಕಗಳಲ್ಲಿ ಬಂದ ಕಥೆ ಹೀಗಿತ್ತು: ನಾಜಿಗಳಿಗೆ ಬರ್ಗರ್ ಆಗಿಬರುತ್ತಿರಲಿಲ್ಲ, 1938ರಲ್ಲಿ ಇದ್ದಕ್ಕಿದ್ದಂತೆ ಕೆಲಸದಿಂದ ಕಿತ್ತುಹಾಕಿದರು, ಆ ನೋವಿನಲ್ಲಿ ಅವರು 1941ರಲ್ಲಿ ಪ್ರಾಣ ಕಳೆದುಕೊಂಡರು.

ಜರ್ಮನಿಯ ಹಳೆಯ ಕಡತಗಳನ್ನು ಇತಿಹಾಸಕಾರರು ಈಚಿನ ದಶಕಗಳಲ್ಲಿ ತೆರೆದಾಗ ಬೇರೆಯೇ ಚಿತ್ರ ಸಿಕ್ಕಿತು. 1938ರಲ್ಲಿ ಬರ್ಗರ್‌ಗೆ 65 ತುಂಬಿತ್ತು, ಅದು ನಿವೃತ್ತಿಯ ವಯಸ್ಸು. ಅವರು ಹಿಟ್ಲರನ ಎಸ್‌ಎಸ್ ಪಡೆಗೆ ಹಣ ಕೊಡುವ ಪೋಷಕ ಸದಸ್ಯರಾಗಿದ್ದರು. ಅದಕ್ಕಿಂತ ಗಂಭೀರವಾದದ್ದು, ವಂಶವಾಹಿ ಆರೋಗ್ಯ ನ್ಯಾಯಾಲಯ ಎಂಬ ಹೆಸರಿನ ಮಂಡಳಿಯಲ್ಲಿ ಅವರು ಕೂತಿದ್ದು. ಯಾರಿಗೆ ಮಕ್ಕಳಾಗದಂತೆ ಬಲವಂತವಾಗಿ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ತೀರ್ಮಾನಿಸುವ ಮಂಡಳಿ ಅದು: ಒಬ್ಬ ನ್ಯಾಯಾಧೀಶ, ಇಬ್ಬರು ವೈದ್ಯರು. 1933ರ ಕಾನೂನಿನ ಅಡಿಯಲ್ಲಿ ಜರ್ಮನಿಯಲ್ಲಿ ಹೀಗೆ ಸಂತಾನಶಕ್ತಿ ಕಳೆದುಕೊಂಡವರು ಸುಮಾರು 4 ಲಕ್ಷ ಎಂಬ ಅಂದಾಜಿದೆ. ಆ ಕಾನೂನಿನ ಪಟ್ಟಿಯಲ್ಲಿ ಹುಟ್ಟು ಕುರುಡು, ಕಿವುಡು, ಸ್ಕಿಜೋಫ್ರೇನಿಯಾ ಇದ್ದವು. ಮೂರ್ಛೆರೋಗವೂ ಇತ್ತು.

ನಿವೃತ್ತಿಯ ಮೇಲೆ, 1941ರ ವಸಂತದಲ್ಲಿ, ಮತ್ತೆ ಆ ಮಂಡಳಿಗೆ ಬರುತ್ತೀರಾ ಎಂದು ಕೇಳಿದಾಗಲೂ ಬರ್ಗರ್ ಒಪ್ಪಿ ಪತ್ರ ಬರೆದರು. ಕಿತ್ತುಹಾಕಿದ ಮನುಷ್ಯನ ಪತ್ರದಂತೆ ಅದು ಕಾಣುವುದಿಲ್ಲ. ಆಗಲೇ ಅವರು ತೀವ್ರ ಖಿನ್ನತೆಯಲ್ಲಿದ್ದರು, ದೇಹವೂ ಕೈಕೊಟ್ಟಿತ್ತು. ಅದೇ ವರ್ಷ ಜೂನ್ 1ರಂದು ಯೇನಾದ ಆಸ್ಪತ್ರೆಯಲ್ಲಿ ತಾವೇ ಜೀವ ತೆಗೆದುಕೊಂಡರು. ನೂರಾರು ಖಿನ್ನತೆಯ ರೋಗಿಗಳನ್ನು ನೋಡಿದ ವೈದ್ಯರಿಗೂ ಅದು ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ನಿಮಗೋ ನಿಮ್ಮವರಿಗೋ ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮನ್ನು ಹೆಚ್ಚು ಕಾಡುವುದು ಆ ಪಟ್ಟಿಯಲ್ಲಿದ್ದ ಮೂರ್ಛೆರೋಗ. ಏಕೆಂದರೆ ಬರ್ಗರ್ ಅವರ ಯಂತ್ರದಿಂದ ಅತಿ ಹೆಚ್ಚು ಉಪಕಾರ ಆದದ್ದು ಅದೇ ರೋಗದವರಿಗೆ. 1935ರಲ್ಲಿ, ಅವರಿನ್ನೂ ಯೇನಾದಲ್ಲಿ ಕೆಲಸದಲ್ಲಿದ್ದಾಗಲೇ, ಅಮೆರಿಕದ ಬಾಸ್ಟನ್‌ನಲ್ಲಿ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಎಂಬ ಸಂಶೋಧಕರು, ಆಟದ ನಡುವೆ ಕೆಲವು ಸೆಕೆಂಡ್ ಶೂನ್ಯ ದೃಷ್ಟಿಯಲ್ಲಿ ನಿಂತುಬಿಡುವ ಮಕ್ಕಳ ಮೆದುಳಿನಲ್ಲಿ ಆ ಹೊತ್ತಿಗೆ ಸೆಕೆಂಡಿಗೆ 3ರಂತೆ ದೊಡ್ಡ ಅಲೆಗಳು ಏಳುವುದನ್ನು ಇಇಜಿಯಲ್ಲಿ ಕಂಡರು. ದೆವ್ವ, ದೃಷ್ಟಿ, ಸೋಮಾರಿತನ ಎಂದೆಲ್ಲ ಹೇಳಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಇರುವುದು ಔಷಧಿಯಿಂದ ಹತೋಟಿಗೆ ಬರುವ ಕಾಯಿಲೆ ಎಂದು ತೋರಿಸಲು ದಾರಿಯಾದದ್ದು ಆ ಗೆರೆಗಳಿಂದ.

ನಮ್ಮ ನಿಮ್ಹಾನ್ಸ್‌ನಲ್ಲಾಗಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಾಗಲಿ ಇಇಜಿಗೆ ಹೋದರೆ ಟೆಕ್ನಿಷಿಯನ್ ನಡುನಡುವೆ ಕಣ್ಣು ಮುಚ್ಚಿ, ಕಣ್ಣು ಬಿಡಿ ಎನ್ನುತ್ತಾರೆ. ಬರ್ಗರ್ ಕಂಡ ಅದೇ ಆಲ್ಫಾ ಸರಿಯಾಗಿ ಬಂದು ಹೋಗುತ್ತಿದೆಯೇ ಎಂದು ನೋಡುವುದಕ್ಕೆ. ತಲೆಗೆ ಕರೆಂಟ್ ಕೊಡುತ್ತಾರೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಇಇಜಿಯಲ್ಲಿ ತಲೆಗೆ ಏನನ್ನೂ ಕೊಡುವುದಿಲ್ಲ, ತಲೆಯಲ್ಲಿ ಇರುವುದನ್ನು ದಾಖಲಿಸುತ್ತಾರೆ ಅಷ್ಟೇ. ನೋವಿಲ್ಲ. ಹೋಗುವ ಮುಂಚೆ ತಲೆಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ, ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಮೂರ್ಛೆರೋಗದ ಮಾತ್ರೆಯನ್ನು ವೈದ್ಯರು ಹೇಳದೆ ಪರೀಕ್ಷೆಗೆಂದು ನೀವಾಗಿಯೇ ನಿಲ್ಲಿಸಬೇಡಿ.